ಹೊತ್ತಿರುವಾಗಲೇ ಕಳಿಸಿಕೊಡಿ

ಭದ್ರಾವತಿಯ ಜನ್ನಾಪುರ, ನ್ಯೂಟೌನ್, ಹಳೇನಗರ, ಕಾಗದನಗರಗಳಲ್ಲಿ, ಶಿವಮೊಗ್ಗದ ವಿನೋಬನಗರ, ಗೋಪಾಳ, ಗಾಂಧಿನಗರ, ವಿದ್ಯಾನಗರಗಳಲ್ಲಿ ಕೂತು ಬೆಂಗಳೂರು ಸೇರಿದ ಮಕ್ಕಳ ದಾರಿ ಕಾಯುವ ಅಪ್ಪ ಅಮ್ಮಂದಿರೇ, ಅತ್ತೆ ಮಾವಂದಿರೇ, ದೊಡ್ಡಪ್ಪ ದೊಡ್ಡಮ್ಮಂದಿರೇ,



ನಾನೂ ನಿಮ್ಮ ಓರಗೆಯವಳು. ನನ್ನ ಮಗನೂ ಬೆಂಗಳೂರಿನಲ್ಲಿದ್ದಾನೆ. ನಿಮ್ಮಲ್ಲಿ ಒಂದು ವಿಷಯ ಕೇಳಿಕೊಳ್ಳುವುದಿದೆ. ಶನಿವಾರ ಬಂದು ಭಾನುವಾರ ವಾಪಸು ಹೋಗುವ ಮಕ್ಕಳನ್ನು ಹೊತ್ತಿರುವಾಗಲೇ ಕಳಿಸಿಕೊಡಿ. ಅದು ಆಗಲಿಲ್ಲ ಅಂದರೆ ಆ ರಾತ್ರಿ ಕಳಿಸಲೇಬೇಡಿ.

ಈ ಮಾತನ್ನು ಮಕ್ಕಳಿಗೇ ಹೇಳಬಹುದಲ್ಲ ಅನ್ನುತ್ತೀರಿ. ಹೇಳಿದರೆ ಅವರು ಒಪ್ಪುತ್ತಾರೆ ಕೂಡ. ಗಾಡಿ ಅವರದು, ಓಡಿಸುವವರೂ ಅವರು. ಆದರೆ ಹೊರಡುವ ಹೊತ್ತು ಮಾತ್ರ ಅವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ನಾವು ಕುಂಕುಮದ ಬಟ್ಟಲು ತರುವ ತನಕ ಸೊಸೆ ಹೊಸಿಲು ದಾಟುವುದಿಲ್ಲ. ನಾವು "ಸರಿ, ಹೊರಡಿ" ಅನ್ನುವ ತನಕ ಮಗ ಚಪ್ಪಲಿ ಮೆಟ್ಟುವುದಿಲ್ಲ. ಅದಕ್ಕೇ ಈ ಪತ್ರ ನಮ್ಮವರಿಗೆ.

ನಮ್ಮೆರಡೂ ಊರುಗಳಲ್ಲಿ ಭಾನುವಾರ ಹೇಗೆ ಕಳೆಯುತ್ತದೆ ಅನ್ನುವುದು ನಿಮಗೆ ಗೊತ್ತು. ಶಿವಮೊಗ್ಗದ ಹುಡುಗನಿಗೆ ಭದ್ರಾವತಿಯ ಹುಡುಗಿ, ಭದ್ರಾವತಿಯ ಹುಡುಗನಿಗೆ ಶಿವಮೊಗ್ಗದ ಹುಡುಗಿ ತಂದುಕೊಂಡ ಮನೆಗಳು ಲೆಕ್ಕವಿಲ್ಲದಷ್ಟಿವೆ. ನಡುವೆ ಇರುವುದು 20 ಕಿಲೋಮೀಟರಿಗೂ ಒಳಗಿನ ದಾರಿ. ಮಲ್ಲಿಗೇನಹಳ್ಳಿ, ನಿದಿಗೆ, ಮಾಚೇನಹಳ್ಳಿಯ ಡೇರಿ ದಾಟಿದರೆ ಭದ್ರಾವತಿ ಬಂತು. ಮೇಲಾಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಭದ್ರಾವತಿ ಇದೆ. ಹೀಗಾಗಿ ಊಟ ಒಂದು ಮನೆಯಲ್ಲಿ, ಸಂಜೆಯ ತಿಂಡಿ ಇನ್ನೊಂದು ಮನೆಯಲ್ಲಿ. "ದಾರೀಲೇ ಇದೀವಲ್ಲ, ಹತ್ತು ನಿಮಿಷ ಬಂದು ಮುಖ ತೋರಿಸಿ ಹೋಗಿ" ಎಂದು ಫೋನ್ ಬರುತ್ತದೆ. ಆ ಹತ್ತು ನಿಮಿಷ ಯಾರ ಮನೆಯಲ್ಲೂ ಹತ್ತು ನಿಮಿಷದಲ್ಲಿ ಮುಗಿದದ್ದನ್ನು ನಾನು ನೋಡಿಲ್ಲ.

ಕಳೆದ ಶ್ರಾವಣದಲ್ಲಿ ನಾನು ಮಗ, ಸೊಸೆ, ಮೊಮ್ಮಗಳ ಜೊತೆ ಕಾರಿನಲ್ಲೇ ಬೆಂಗಳೂರಿಗೆ ಹೊರಟೆ, ಕೆಲವು ದಿನ ಅಲ್ಲಿದ್ದು ಬರೋಣವೆಂದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಊಟ ಮುಗಿಸಿ ಎರಡೂವರೆಗೆಲ್ಲ ಬೀಗ ಹಾಕಿದ್ದೆವು. ಭದ್ರಾವತಿಯಲ್ಲಿ ನನ್ನ ಅಕ್ಕನ ಮನೆ. ಅಕ್ಕನಿಗೆ ಮೊಣಕಾಲು ನೋವು, ಭಾವನಿಗೆ ಈಚೆಗೆ ಕಿವಿ ಮಂದ. ಮಗ ಬಂದ ಅನ್ನುವುದೇ ಅವರಿಗೆ ಹಬ್ಬ. ಬಾಗಿಲಲ್ಲೇ ನಿಂತಿದ್ದರು.

ಅಕ್ಕ ಕೆಸುವಿನ ಎಲೆಯ ಪತ್ರೊಡೆ ಹಬೆಗಿಟ್ಟಿದ್ದಳು. ಅದು ಬೇಯಬೇಕು, ಆರಬೇಕು, ಹೆಚ್ಚಿ ಒಗ್ಗರಣೆ ಹಾಕಬೇಕು. ಅದಾಗುವ ಹೊತ್ತಿಗೆ ಕಾಫಿ. ಕಾಫಿ ಆದ ಮೇಲೆ ಕಟ್ಟಿಕೊಡುವ ಕೆಲಸ ಶುರುವಾಯಿತು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿಯಿಂದ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ದಾರ ಸುತ್ತಿ, ಎಣ್ಣೆ ಸೋರುತ್ತದೆಯೇ ಎಂದು ತಲೆಕೆಳಗು ಮಾಡಿ ನೋಡಿದಳು. ಸೋರಿತು. ಬಿಚ್ಚಿ ಮತ್ತೆ ಕಟ್ಟಿದಳು. ಹಲಸಿನ ಹಪ್ಪಳವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದಳು. ಭಾವ ಹಿತ್ತಲಿಗೆ ಹೋಗಿ ತೆಂಗಿನಕಾಯಿ ಸುಲಿಯತೊಡಗಿದರು. ಮಗ ಎರಡು ಸಲ ಎದ್ದು ನಿಂತ. ಎರಡು ಸಲವೂ ಅಕ್ಕ, "ಇನ್ನೊಂದು ಐದು ನಿಮಿಷ ಕೂತ್ಕೊಳೋ, ಸಾರಿನ ಪುಡಿ ಕಟ್ಟೋದು ಬಾಕಿ ಇದೆ" ಅಂದಳು. ಅವನು ಕೂತ. ದೊಡ್ಡಮ್ಮನ ಮಾತು ತೆಗೆದುಹಾಕುವ ಹುಡುಗನಲ್ಲ.

ಅಷ್ಟರಲ್ಲಿ ಗಂಟೆ ನಾಲ್ಕೂವರೆ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ಪಂಚಾಂಗ ಗೋಡೆಯ ಮೇಲೇ ಇತ್ತು. ಭಾವ ಅದರತ್ತ ಕೈ ತೋರಿಸಿದರು, ಎಲ್ಲರೂ ಸುಮ್ಮನಾದೆವು. ಆರಕ್ಕೆ ಮುಸ್ಸಂಜೆ. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಮಕ್ಕಳು ಹೊರಗೆ ಕಾಲಿಡಬಾರದು. ದೀಪವಾಯಿತು, ಆರತಿಯಾಯಿತು. "ಇಷ್ಟು ಹೊತ್ತಾಯ್ತು, ದಾರೀಲಿ ಯಾವುದೋ ಹೋಟ್ಲಲ್ಲಿ ತಿನ್ನೋ ಬದಲು ಎರಡು ತುತ್ತು ಉಂಡೇ ಹೋಗಿ" ಎಂದು ಅಕ್ಕ ಎಲೆ ಹಾಕಿದಳು. ಹೊಸಿಲು ದಾಟುವಾಗ ಏಳು ಗಂಟೆ ಕಳೆದಿತ್ತು.

ಅಕ್ಕನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವಳು ಮಾಡಿದ್ದರಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲ ಮನೆಗಳಲ್ಲೂ ನಡೆಯುವುದು ಇದೇ. ಕಾರ್ಖಾನೆಯ ಕೆಲಸಕ್ಕೆಂದು ತಮಿಳು, ತೆಲುಗು, ಮಲಯಾಳ, ಮರಾಠಿ, ಉರ್ದು ಮಾತಾಡುವವರೆಲ್ಲ ಬಂದು ನೆಲೆಸಿದ ಊರು ಭದ್ರಾವತಿ. ಅಡುಗೆ ಬೇರೆ, ದೇವರು ಬೇರೆ, ಆದರೆ ಭಾನುವಾರ ಸಂಜೆ ಬಾಗಿಲಲ್ಲಿ ನಡೆಯುವ ಒತ್ತಾಯ ಒಂದೇ. ಒಬ್ಬರ ಮನೆಯಲ್ಲಿ ಪತ್ರೊಡೆ, ಇನ್ನೊಬ್ಬರ ಮನೆಯಲ್ಲಿ ಬಿರಿಯಾನಿಯ ಡಬ್ಬಿ, ಅಷ್ಟೇ ವ್ಯತ್ಯಾಸ.

ಆ ರಾತ್ರಿ ದಾರಿ ಹೇಗಿತ್ತೆಂದು ಹೇಳುತ್ತೇನೆ, ಯಾಕೆಂದರೆ ಬಾಗಿಲಲ್ಲಿ ನಿಂತು ಕೈ ಬೀಸುವ ನಮಗೆ ಆಮೇಲಿನದು ಕಾಣುವುದಿಲ್ಲ. ಭದ್ರಾ ಜಲಾಶಯ 186 ಅಡಿ ತುಂಬುತ್ತ ಬಂದು ಗೇಟು ತೆಗೆದು ನೀರು ಬಿಟ್ಟಿದ್ದರು. ಹೊಳೆಗೆ ಜಾಸ್ತಿ ನೀರು ಬಂದಾಗ ಊರೊಳಗಿನ ಹೊಸ ಸೇತುವೆ ಮುಳುಗುತ್ತದೆ, ಹಳೆ ಸೇತುವೆ ನಿಲ್ಲುತ್ತದೆ. ಅವತ್ತೂ ಹಾಗೇ ಆಗಿ ವಾಹನಗಳೆಲ್ಲ ಹಳೆ ಸೇತುವೆಗೆ ತಿರುಗಿದ್ದವು. ಊರು ಬಿಟ್ಟು ಹೊರಗೆ ಬರುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಬಾರಂದೂರು ದಾಟಿದ ಮೇಲೆ ಮಳೆ ಜೋರಾಯಿತು. ತರೀಕೆರೆಯಲ್ಲಿ ಮೊಮ್ಮಗಳು ವಾಂತಿ ಮಾಡಿಕೊಂಡಳು. ಹೊಟ್ಟೆ ತುಂಬ ಉಣ್ಣಿಸಿ ತಿರುವಿನ ದಾರಿಯಲ್ಲಿ ಕೂರಿಸಿದರೆ ಮಗು ಇನ್ನೇನು ಮಾಡೀತು? ಸೊಸೆ ಮೊಬೈಲ್ ಬೆಳಕಿನಲ್ಲಿ ಸೀಟು ಒರೆಸಿದಳು.

ಬೀರೂರು ಇನ್ನೂ ದೂರವಿರುವಾಗಲೇ ಮುಂದೆ ಕೆಂಪು ದೀಪಗಳ ಸಾಲು ಕಾಣಿಸಿತು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಒಂದು ಪಕ್ಕ ಅಗೆದಿದ್ದ ಕಡೆ ಲಾರಿಯೊಂದು ಮಗುಚಿಕೊಂಡಿತ್ತು. ತುಮಕೂರಿನಿಂದ ಶಿವಮೊಗ್ಗದವರೆಗೆ ಈ ರಸ್ತೆಯನ್ನು ಚತುಷ್ಪಥ ಮಾಡುವ ಕೆಲಸ ವರ್ಷಗಳಿಂದ ತುಂಡು ತುಂಡಾಗಿ ನಡೆದಿದೆ. ನಮ್ಮವರ ಬಾಯಲ್ಲಿ ಈ ಹೆದ್ದಾರಿಗೆ ಇಂದಿಗೂ ಹಳೆಯ ಸಂಖ್ಯೆಯೇ, ಇನ್ನೂರಾರು. ಹೊಸ ಸಂಖ್ಯೆ ಬಂದರೂ ಯಾರೂ ಹಾಗೆ ಕರೆಯುವುದಿಲ್ಲ. ಒಳ್ಳೆಯ ರಸ್ತೆ ಬಂದ ಕಡೆ ಗಾಡಿ ಹಾರುತ್ತದೆ, ಅದು ಮುಗಿದ ಕಡೆ ಮಣ್ಣಿನ ದಿಬ್ಬ, ಡ್ರಮ್ಮು, ದಿಕ್ಕು ಬದಲಿಸುವ ಬಾಣದ ಗುರುತು. ಹಗಲಲ್ಲಿ ಅದೆಲ್ಲ ಮುಂಚೆಯೇ ಕಾಣುತ್ತದೆ. ರಾತ್ರಿ, ಮಳೆಯಲ್ಲಿ, ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುವಾಗ, ಮೇಲೆ ಬಂದು ನಿಂತ ಮೇಲಷ್ಟೇ ಕಾಣುತ್ತದೆ. ಅಲ್ಲಿ ಎರಡು ಗಂಟೆಯಷ್ಟು ಹೊತ್ತು ಕೂತಿದ್ದೆವು. ಹಿಂದಕ್ಕೂ ಹೋಗಲಾಗದು, ಮುಂದಕ್ಕೂ ಇಲ್ಲ.

ಅಲ್ಲಿಂದ ಮುಂದೆ ನಾನು ಮಗನ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ಕೂತೆ. ಕಡೂರು ದಾಟುವ ತನಕ ಮಾತಾಡುತ್ತಿದ್ದ. ಬಾಣಾವರದ ಹತ್ತಿರ ಮಾತು ನಿಲ್ಲಿಸಿದ. ಅರಸೀಕೆರೆಯಲ್ಲಿ ಒಂದು ಟೀ ಅಂಗಡಿ ತೆರೆದಿತ್ತು. ಇಳಿದು ಮುಖಕ್ಕೆ ನೀರು ಹೊಡೆದುಕೊಂಡು ಟೀ ಕುಡಿದ. ತಿಪಟೂರಿಗೆ ಬರುವಾಗ ಕಿಟಕಿ ಇಳಿಸಿದ. ಮಳೆಯ ಇರುಚಲು ಒಳಗೆ ಬರುತ್ತಿದ್ದರೂ ಇಳಿಸಿದ. ಆಮೇಲೆ ತನ್ನ ಕಿವಿಯ ಹಾಲೆಯನ್ನು ತಾನೇ ಹಿಂಡಿಕೊಳ್ಳತೊಡಗಿದ. ರೆಪ್ಪೆ ಬಡಿಯುವುದು ನಿಧಾನವಾಗುತ್ತ ಬಂತು. ಒಂದು ಸಲ ಬಡಿದ ರೆಪ್ಪೆ ತೆರೆಯುವುದಕ್ಕೆ ತಡವಾಯಿತು. "ಗಾಡಿ ನಿಲ್ಲಿಸು" ಎಂದು ನಾನು ಕೂಗಿದೆ. ಗುಬ್ಬಿಗೆ ಮೊದಲು ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಲ್ಲಿಸಿ ಸೀಟು ಹಿಂದಕ್ಕೆ ಒರಗಿಸಿ ಮಲಗಿದ. ಅರ್ಧ ಗಂಟೆ ನಾನೂ ಸೊಸೆಯೂ ಮಾತಿಲ್ಲದೆ ಕೂತೆವು. ತುಮಕೂರು, ದಾಬಸ್‌ಪೇಟೆ, ನೆಲಮಂಗಲ ಕಳೆದು ಮನೆ ಸೇರುವ ಹೊತ್ತಿಗೆ ಹಾಲಿನವನು ಬಂದಿದ್ದ. ಐದಾರು ಗಂಟೆಯಲ್ಲಿ ಮುಗಿಯಬೇಕಾದ ದಾರಿ ರಾತ್ರಿಯನ್ನೆಲ್ಲ ತಿಂದಿತ್ತು. ಒಂಬತ್ತಕ್ಕೆ ಮಗ ಆಫೀಸಿಗೆ ಹೋದ. ಸೊಸೆ ಅವನಿಗಿಂತ ಮುಂಚೆ ಎದ್ದು ಡಬ್ಬಿ ಕಟ್ಟಿ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ತನ್ನ ಕೆಲಸಕ್ಕೆ ಹೋದಳು.

ಭದ್ರಾವತಿಯಲ್ಲಿ ಅಕ್ಕನೂ ಮಲಗಿರಲಿಲ್ಲ. "ತಲುಪಿದ ಕೂಡಲೇ ಫೋನ್ ಮಾಡಿ" ಎಂದು ಹೇಳಿ ಕಳಿಸಿದವಳು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಇದ್ದಳಂತೆ. ಹನ್ನೆರಡಕ್ಕೆ ಒಂದು, ಒಂದೂವರೆಗೆ ಇನ್ನೊಂದು ಫೋನು. ಕಾಲು ನೋವಿನ ಜೀವ. ಮೂರು ದಿನ ತಲೆಸುತ್ತು ಎಂದು ಆಮೇಲೆ ಭಾವ ಹೇಳಿದರು.

ಹಿಂದೆ ಹೀಗಿರಲಿಲ್ಲವಲ್ಲ ಎಂದು ಯೋಚಿಸುತ್ತೇನೆ. ಹಿಂದೆ ನಾವು ಕಡಿಮೆ ಪ್ರೀತಿಸುತ್ತಿದ್ದೆವೇ? ಇಲ್ಲ. ಹಿಂದೆ ನೆಂಟರು ರೈಲಿಗೆ ಬರುತ್ತಿದ್ದರು, ರೈಲಿಗೆ ಹೋಗುತ್ತಿದ್ದರು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಮೀಟರ್‌ಗೇಜ್ ರೈಲು ಬಂದಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಾಗ, ಆಮೇಲೆ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದಾಗ, ಇಡೀ ಊರು ಗಡಿಯಾರದ ಊರಾಯಿತು. ಸೈರನ್ನಿಗೆ ಎದ್ದು, ಸೈರನ್ನಿಗೆ ಊಟ ಮಾಡಿ, ಪಾಳಿಯ ಲೆಕ್ಕದಲ್ಲಿ ಮದುವೆ ಮುಂಜಿ ಇಟ್ಟುಕೊಂಡ ಜನ ನಾವು. ಅಳಿಯನ ರೈಲು ಮೂರಕ್ಕೆ ಎಂದರೆ ಅತ್ತೆ ಎರಡಕ್ಕೇ ಎಲೆ ಎತ್ತಿಸುತ್ತಿದ್ದರು. ಬುತ್ತಿ ಹಿಂದಿನ ದಿನವೇ ಕಟ್ಟಿರುತ್ತಿತ್ತು. ರೈಲು ಯಾರ ಉಪ್ಪಿನಕಾಯಿಗೂ ಕಾಯುತ್ತಿರಲಿಲ್ಲ. ಕಾರು ಕಾಯುತ್ತದೆ. ಅಂಗಳದಲ್ಲಿ ನಿಂತ ಕಾರು ಎಷ್ಟು ಹೊತ್ತಿಗೆ ಬೇಕಾದರೂ ಹೊರಡುತ್ತದೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಗಡಿಯಾರ ಸಡಿಲವಾಯಿತು.

ಇನ್ನೊಂದು ವ್ಯತ್ಯಾಸವೂ ಇದೆ. ಆಗ ಬಂದವರು ನಾಲ್ಕು ದಿನ ಇರುತ್ತಿದ್ದರು. ಈಗಿನವರು ಒಂದು ರಾತ್ರಿ ಇದ್ದು ಹೋಗುವವರು. ಯಾಕೆ ಹೀಗಾಯಿತೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣ ಉಕ್ಕಿನ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ ಅದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂತು, ಕಾರ್ಮಿಕರು ಬೀದಿಗಿಳಿದರು. ಅಪ್ಪ ಮಾಡಿದ ಕೆಲಸ ಮಗನಿಗೆ ಊರಲ್ಲಿ ಸಿಗುವ ಕಾಲ ಹೋಯಿತು. ಮಕ್ಕಳು ಬೆಂಗಳೂರಿಗೆ ಹೋದದ್ದು ಊರು ಬೇಡವಾಗಿ ಅಲ್ಲ. ಅದಕ್ಕೇ ವಾರವಿಡೀ ದುಡಿದು, 250 ಕಿಲೋಮೀಟರಿಗೂ ಹೆಚ್ಚು ದೂರ ಗಾಡಿ ಓಡಿಸಿಕೊಂಡು ಬಂದು, ಒಂದು ರಾತ್ರಿ ನಮ್ಮ ಪಕ್ಕ ಮಲಗಿ ಹೋಗುತ್ತಾರೆ. ಅಷ್ಟು ಮಾಡುವ ಮಕ್ಕಳನ್ನು ನಾವು ಸುರಕ್ಷಿತವಾಗಿ ಕಳಿಸಬೇಡವೇ?

ನಿದ್ದೆಗೆಟ್ಟು ಓಡಿಸುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಕುಡಿದು ಓಡಿಸುತ್ತೇನೆ ಎಂದು ಮಗ ಹೊರಟರೆ ನಮ್ಮಲ್ಲಿ ಯಾರಾದರೂ ಬಿಡುತ್ತೇವೆಯೇ? ಕಾಲಿಗೆ ಬಿದ್ದಾದರೂ ಕೀಲಿ ಕಿತ್ತುಕೊಳ್ಳುತ್ತೇವೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಾಗಿದ್ದವರ ಕೈ ಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಇಳಿದಿತ್ತು. ನಮ್ಮ ದೇಶದ ಕಾನೂನು ಚಾಲಕನಿಗೆ ಬಿಡುವುದು 30 ಮಿಲಿಗ್ರಾಂ ಮಾತ್ರ. ಬೆಳಿಗ್ಗೆ ಆರಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೆ 17 ಗಂಟೆ ಆಗುತ್ತದೆ. ಏಳಕ್ಕೆ ಭದ್ರಾವತಿ ಬಿಟ್ಟ ನಮ್ಮ ಹುಡುಗರು ಹನ್ನೊಂದಕ್ಕೆ ಇನ್ನೂ ದಾರಿಯಲ್ಲೇ ಇರುತ್ತಾರೆ. ಎಲ್ಲಾದರೂ ತಡವಾದರೆ ಮುಂದಿರುವುದು ಮೈಯ ಲೆಕ್ಕದಲ್ಲಿ ಅತಿ ಕೆಟ್ಟ ಹೊತ್ತು. ಎರಡರಿಂದ ಐದರವರೆಗೆ ಎಂಥವರ ದೇಹವೂ ನಿದ್ದೆಗೆ ಎಳೆಯುತ್ತದೆ, ಟೀ ಕುಡಿದರೂ, ಹಾಡು ಹಾಕಿದರೂ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 66 ಮೀಟರ್ ದೂರ ಆ ಗಾಡಿಗೆ ಯಜಮಾನನೇ ಇಲ್ಲ.

ಬಸ್ಸು ಲಾರಿ ಓಡಿಸುವ ಕಾರ್ಮಿಕರಿಗೆ 1961ರಲ್ಲೇ ಕಾಯ್ದೆಯೊಂದು ಬಂದಿತ್ತು. ಅದರಂತೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ, ಐದು ಗಂಟೆಯೊಳಗೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕಿತ್ತು. ನಮ್ಮ ಮಕ್ಕಳಿಗೆ ಅಂಥ ಕಾಯ್ದೆ ಇಲ್ಲ. ಬೆಳಿಗ್ಗೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗ್ಯಾಸ್ ಪೈಪ್ ಬದಲಿಸಿ, ಅಮ್ಮನ ಫೋನಿಗೆ ರೀಚಾರ್ಜ್ ಮಾಡಿಸಿ, ಎರಡು ಮನೆಯಲ್ಲಿ ಉಂಡು ಆಮೇಲೆ ಸ್ಟಿಯರಿಂಗ್ ಹಿಡಿಯುತ್ತಾರೆ. ಅವರ ಗಂಟೆಗಳನ್ನು ಎಣಿಸುವವರು ನಾವೇ ಆಗಬೇಕು.

ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅತಿ ಹೆಚ್ಚು ಅಪಘಾತಗಳಾದದ್ದು ಸಂಜೆ 6ರಿಂದ 9ರ ನಡುವೆ. ನಾವು ಆರತಿ ಮುಗಿಸಿ, ಕುಂಕುಮ ಕೊಟ್ಟು ಕಳಿಸುವುದು ಅದೇ ಹೊತ್ತಿಗೆ.

ಅಂಕಿಗಳು ದೂರದವು ಅನಿಸಿದರೆ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯನ್ನು ನೆನೆಯಿರಿ. 2024ರ ಜೂನ್ 28ರ ಬೆಳಗಿನ ಜಾವ, ಬಂಧುಬಳಗ ಸೇರಿ ದೇವರ ದರ್ಶನಕ್ಕೆ ಹೋಗಿ ಊರಿಗೆ ವಾಪಸು ಬರುತ್ತಿದ್ದವರ ಟಿಟಿ ವಾಹನ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಹತ್ತಿರ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಬಡಿಯಿತು. 13 ಜನ ಹೋದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆ ದಿನ ಎಮ್ಮೆಹಟ್ಟಿಯಲ್ಲಿ ಒಲೆ ಹಚ್ಚದ ಮನೆಗಳೆಷ್ಟೋ. ಯಾರ ತಪ್ಪು, ಏನು ಕಾರಣ ಅನ್ನುವುದನ್ನು ತೀರ್ಮಾನಿಸುವವಳು ನಾನಲ್ಲ. ಆ ಮನೆಗಳವರ ದುಃಖಕ್ಕೆ ಕೈ ಮುಗಿಯುತ್ತೇನೆ. ನಸುಕಿನ ಹೆದ್ದಾರಿಯಲ್ಲಿ ನಿಂತ ಲಾರಿ ಎಷ್ಟು ತಡವಾಗಿ ಕಾಣುತ್ತದೆ ಅನ್ನುವುದನ್ನು ಮಾತ್ರ ನಾವು ಯಾರೂ ಮರೆಯಬಾರದು.

ನಿಮ್ಮ ಮಾತು ನನಗೆ ಕೇಳಿಸುತ್ತಿದೆ. "ನಾವೇನು ಬೇಕೆಂದು ತಡ ಮಾಡುತ್ತೇವೆಯೇ?" ಇಲ್ಲ. ಆದರೆ ಒಂದನ್ನು ಬಿಚ್ಚಿ ಹೇಳಬೇಕು. ಪತ್ರೊಡೆಗಾಗಿ ನಾವು ತಡ ಮಾಡುವುದಲ್ಲ, ಸಾರಿನ ಪುಡಿಗಾಗಿಯೂ ಅಲ್ಲ. ಕಾರು ಬೀದಿ ತಿರುಗಿದ ಮೇಲೆ ಮನೆಯಲ್ಲಿ ಉಳಿಯುವವರು ಇಬ್ಬರು, ಕೆಲವು ಮನೆಗಳಲ್ಲಿ ಒಬ್ಬರೇ. ಮೊಮ್ಮಗು ಎಳೆದು ಹಾಕಿದ ಸಾಮಾನು ಎತ್ತಿಡುವಾಗ ಹೊಟ್ಟೆಯಲ್ಲಿ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಆ ಹೊತ್ತನ್ನು ಒಂದು ಗಂಟೆ, ಇನ್ನೊಂದು ಗಂಟೆ ಮುಂದಕ್ಕೆ ಹಾಕುತ್ತೇವೆ, ಕಾಫಿಯ ನೆಪದಲ್ಲಿ, ರಾಹುಕಾಲದ ನೆಪದಲ್ಲಿ. ನನ್ನ ಅಕ್ಕ ಬಾಟಲಿಗೆ ಎರಡು ಸಲ ದಾರ ಸುತ್ತಿದ್ದು ಎಣ್ಣೆ ಸೋರೀತೆಂಬ ಭಯಕ್ಕಷ್ಟೇ ಅಲ್ಲ. ಇದನ್ನು ನಾನು ತಪ್ಪೆನ್ನಲಾರೆ. ಆದರೆ ನಾವು ಹೀಗೆ ಗಳಿಸಿಕೊಂಡ ಎರಡು ಗಂಟೆಯನ್ನು ಮಕ್ಕಳು ನಡುರಾತ್ರಿಯ ರಸ್ತೆಯಲ್ಲಿ ತೀರಿಸುತ್ತಾರೆ.

ರಾಹುಕಾಲ ನಂಬುವವರು ನಂಬಿ. ನಾನೂ ಪಂಚಾಂಗ ನೋಡುವವಳೇ. ಭಾನುವಾರ ಅದು ನಾಲ್ಕೂವರೆಗೆ ಶುರುವಾಗುತ್ತದೆ ಎಂದರೆ ನಾಲ್ಕಕ್ಕೇ ಹೊರಡಿಸಿ ಎಂದು ಅರ್ಥ ಮಾಡಿಕೊಳ್ಳೋಣ. ನಾಲ್ಕಕ್ಕೆ ಭದ್ರಾವತಿ ಬಿಟ್ಟರೆ ಬೆಳಕಿರುವಾಗಲೇ ಕಡೂರು ದಾಟಬಹುದು, ದಾರಿ ಸರಿಯಿದ್ದರೆ ಹತ್ತರ ಹೊತ್ತಿಗೆ ಮನೆ ಸೇರಬಹುದು, ಎಲ್ಲೋ ಒಂದು ಲಾರಿ ಮಗುಚಿ ಎರಡು ಗಂಟೆ ಹೋದರೂ ನಡುರಾತ್ರಿಗೆ ಹಾಸಿಗೆ ಸಿಗುತ್ತದೆ. ನಮ್ಮ ಹಿರಿಯರಿಗೆ ಪ್ರಸ್ಥಾನ ಇಡುವ ಪದ್ಧತಿ ಗೊತ್ತಿತ್ತು. ಒಳ್ಳೆಯ ಹೊತ್ತಿನಲ್ಲಿ ಗಂಟು ಒಂದನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಅನುಕೂಲ ನೋಡಿ ಹೊರಡುತ್ತಿದ್ದರು. ಹೊತ್ತು ಮೀರಿತೆಂದರೆ ಅದನ್ನೇ ಮಾಡಿ. ಒಂದು ಚೀಲ ಪಕ್ಕದ ಮನೆಗೆ ಹೋಗಲಿ, ಮಕ್ಕಳು ನಮ್ಮ ಮನೆಯಲ್ಲೇ ಮಲಗಲಿ.

ಹೌದು, ಸೋಮವಾರ ಆಫೀಸು ಇರುತ್ತದೆ. ಬೆಳಗಿನ ಜಾವ ಶಿವಮೊಗ್ಗ ಬಿಟ್ಟು ಭದ್ರಾವತಿಯ ಮೇಲೆ ಹೋಗುವ ಜನಶತಾಬ್ದಿ 2019ರಿಂದ ಓಡುತ್ತಿದೆ. ಒಬ್ಬಂಟಿ ಬರುವ ಮಗನಿಗೆ, ಮಗಳಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾರು ತಂದವರು ರಾತ್ರಿ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಹೊರಡಲಿ. ಏಳು ಗಂಟೆ ನಿದ್ದೆ ಮಾಡಿದ ಕಣ್ಣಿಗೆ ನಾಲ್ಕು ಗಂಟೆಯ ಕತ್ತಲೆ ಬೇರೆ, ಇಡೀ ದಿನ ದಣಿದ ಕಣ್ಣಿಗೆ ಅದೇ ನಾಲ್ಕು ಗಂಟೆ ಬೇರೆ. ಕೆಲಸಕ್ಕೆ ಒಂದೆರಡು ಗಂಟೆ ತಡವಾದರೆ ಆಗಲಿ. ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಇರುವವರನ್ನಂತೂ ಸೋಮವಾರ ಸಂಜೆಯವರೆಗೆ ಇಟ್ಟುಕೊಳ್ಳಿ. ಸೊಸೆಗೂ ಅದೇ ಹೇಳಿ, ಅವಳ ಮುಖ ನೋಡಿ ಹೇಳಿ. ಗಂಡ ಓಡಿಸಿದ ದಣಿವು ಎಲ್ಲರಿಗೂ ಕಾಣುತ್ತದೆ, ಪಕ್ಕದಲ್ಲಿ ಎಚ್ಚರವಾಗಿ ಕೂತು ಮಗುವನ್ನು ಸಂಭಾಳಿಸಿದವಳ ದಣಿವನ್ನು ಕೇಳುವವರು ಕಡಿಮೆ.

ಕಟ್ಟಿಕೊಡುವುದನ್ನು ಶನಿವಾರ ರಾತ್ರಿಯೇ ಕಟ್ಟಿ ಡಿಕ್ಕಿಯಲ್ಲಿಡಿ. ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಹಾಕಿ, ಹೊಟ್ಟೆ ಬಿರಿಯುವಂತೆ ಬಡಿಸಬೇಡಿ, ಉಂಡ ಮೇಲೆ ಓಡಿಸುವವನನ್ನು ಒಂದು ಗಂಟೆ ಒಳಕೋಣೆಯಲ್ಲಿ ಮಲಗಿಸಿ ಬಾಗಿಲು ಮುಚ್ಚಿ, ಬಂದ ನೆಂಟರೆಲ್ಲ ಮಾತಾಡಿಸುವುದು ಬೇಡ. ದಾರಿಯಲ್ಲಿ ಎಲ್ಲಿಗೆ ಬಂದಿರಿ ಎಂದು ಓಡಿಸುವವನಿಗೆ ಫೋನ್ ಮಾಡಬೇಡಿ. ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗು, ಎಷ್ಟು ಹೊತ್ತಾದರೂ ನಾವು ಗಾಬರಿಯಾಗುವುದಿಲ್ಲ ಎಂದು ಹೊರಡುವಾಗಲೇ ಹೇಳಿ. ಎಷ್ಟೋ ಮಕ್ಕಳು ನಿಲ್ಲಿಸದೆ ಓಡಿಸುವುದು ಮನೆಯಲ್ಲಿ ಅಮ್ಮ ಎದ್ದು ಕೂತಿದ್ದಾಳೆ ಅನ್ನುವ ಕಾರಣಕ್ಕೆ. ನನ್ನ ಮಗ ಗುಬ್ಬಿಯ ಬಂಕಿನಲ್ಲಿ ಮಲಗುವ ಮುಂಚೆ ಕೇಳಿದ್ದೂ ಅದನ್ನೇ: "ದೊಡ್ಡಮ್ಮ ಕಾಯ್ತಿರ್ತಾಳೆ, ಅವಳಿಗೆ ಏನು ಹೇಳೋದು?"

ಇನ್ನು ಎರಡು ಊರಿನ ಬೀಗರಿಗೆ ಒಂದು ಮಾತು. ಶಿವಮೊಗ್ಗದ ಮನೆಯವರೂ ಭದ್ರಾವತಿಯ ಮನೆಯವರೂ ಒಂದೇ ಭಾನುವಾರವನ್ನು ಹಂಚಿಕೊಳ್ಳಲು ಹೋಗಿ ಮಕ್ಕಳನ್ನು ಎಳೆದಾಡುವುದು ಬೇಡ. ಒಂದು ಸಲ ಅವರ ಮನೆ, ಇನ್ನೊಂದು ಸಲ ಇವರ ಮನೆ ಎಂದು ಮಾತಾಡಿಕೊಳ್ಳಿ. ಇಲ್ಲವೇ ನಾವೇ ಎದ್ದು ಹೋಗೋಣ. ಶಿವಮೊಗ್ಗ ಭದ್ರಾವತಿ ನಡುವೆ ಬಸ್ಸಿಗೇನು ಬರವೇ? ಹಿರಿಯರು ಅರ್ಧ ಗಂಟೆ ಬಸ್ಸಿನಲ್ಲಿ ಕೂತರೆ ಮಕ್ಕಳು ಒಂದೇ ಮನೆಯಲ್ಲಿ ಎಲ್ಲರನ್ನೂ ನೋಡಿ ಹೊತ್ತಿಗೆ ಹೊರಡುತ್ತಾರೆ. ಗೌರಿ ಗಣೇಶ ಬರುತ್ತದೆ, ದಸರಾ ಬರುತ್ತದೆ, ಎರಡು ವರ್ಷಕ್ಕೊಮ್ಮೆ ಬರುವ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಗೆ ಊರಿಗೆ ಊರೇ ನೆಂಟರಾಗುತ್ತದೆ. ಆ ಜನಜಂಗುಳಿಯಲ್ಲಿ ಮಾತಾಡಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ದಯವಿಟ್ಟು ಈ ವಾರವೇ ನಿಮ್ಮ ಬೀಗರಿಗೆ ಫೋನ್ ಮಾಡಿ, ಮುಂದಿನ ಸಲ ಮಕ್ಕಳ ಊಟ ಯಾರ ಮನೆಯಲ್ಲಿ, ಎಷ್ಟು ಹೊತ್ತಿಗೆ ಎಂದು ತೀರ್ಮಾನ ಮಾಡಿಕೊಳ್ಳಿ.

ಇಂತಿ,
ನಿಮ್ಮ ಹಾಗೆಯೇ ಮಕ್ಕಳ ದಾರಿ ಕಾಯುವ ಒಬ್ಬ ತಾಯಿ
ಶಿವಮೊಗ್ಗ